ದೀರ್ಘಸೂತ್ರತೆ ಮತ್ತು ಅದರ ಪರಿಹಾರ

"ನಾಳೆ ಮಾಡಿದರಾಯಿತು" ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಕೇಳಿಬರುತ್ತದೆ ಎಂಬುದನ್ನು ಯಾರೂ ಎಣಿಸುವುದಿಲ್ಲ. ವಿದ್ಯಾರ್ಥಿಯು ಪಾಠವನ್ನು ನಾಳೆಗೆ ತಳ್ಳುತ್ತಾನೆ. ಕಚೇರಿಗೆ ಹೋಗುವವನು ಕಡತವನ್ನು ನಾಳೆಗೆ ಇಡುತ್ತಾನೆ. ಗೃಹಸ್ಥನು ತಂದೆಯ ಮರಣಾನಂತರ ಆಗಬೇಕಾದ ಖಾತೆಯ ಬದಲಾವಣೆಯನ್ನು ವರ್ಷಗಟ್ಟಲೆ ಮುಂದೂಡುತ್ತಾನೆ. ಕೊನೆಗೆ ಸಾಕ್ಷಿ ಹೇಳಬೇಕಾದ ಹಿರಿಯರೂ ತೀರಿಕೊಂಡು, ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟುತ್ತದೆ. ಇವರಲ್ಲಿ ಯಾರೂ ದುಷ್ಟರಲ್ಲ, ಅಜ್ಞರೂ ಅಲ್ಲ. ಮಾಡತಕ್ಕ ಕೆಲಸವಾವುದೆಂದು ಇವರೆಲ್ಲರಿಗೂ ತಿಳಿದಿದೆ. ತಿಳಿದಿದ್ದೂ ಮಾಡದಿರುವುದಕ್ಕೆ ಕಾರಣವೇನು? ಪರಿಹಾರವೇನು? ಈ ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ದೋಷದ ಸ್ವರೂಪ

ಶ್ರೀಮದ್ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕರ್ತೃಗಳನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ವಿಭಾಗಿಸಿ, ತಾಮಸಕರ್ತೃವಿನ ಲಕ್ಷಣಗಳ ಕೊನೆಯಲ್ಲಿ 'ದೀರ್ಘಸೂತ್ರೀ' ಎಂಬ ಪದವನ್ನು ಇಟ್ಟಿದ್ದಾನೆ. ಈ ಪದಕ್ಕೆ ವ್ಯಾಖ್ಯಾನಗಳಲ್ಲಿ ಬೇರೆ ಅರ್ಥಗಳೂ ಉಂಟು. ಪ್ರಕೃತ ನಾವು ಲೋಕರೂಢಿಯ ಅರ್ಥವನ್ನೇ ಹಿಡಿದಿದ್ದೇವೆ. ಸೂತ್ರವೆಂದರೆ ನೂಲು. ಒಂದು ಗೇಣಿನಲ್ಲಿ ಮುಗಿಯಬೇಕಾದ ನೂಲನ್ನು ಮಾರುಗಟ್ಟಲೆ ಎಳೆಯುವವನೇ ದೀರ್ಘಸೂತ್ರಿ. ಒಂದು ಗಳಿಗೆಯ ಕೆಲಸವನ್ನು ಒಂದು ಮಾಸಕ್ಕೆ ಎಳೆಯುವವನು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದೇ ಶ್ಲೋಕದಲ್ಲಿ ದೀರ್ಘಸೂತ್ರಿಯ ಮಗ್ಗುಲಲ್ಲಿಯೇ 'ಅಲಸ' ಮತ್ತು 'ವಿಷಾದಿ' ಎಂಬ ಪದಗಳು ಪ್ರತ್ಯೇಕವಾಗಿ ಬಂದಿವೆ. ಹಾಗಾದರೆ ಸೋಮಾರಿತನವೇ ಬೇರೆ, ಮುಂದೂಡುವಿಕೆಯೇ ಬೇರೆ ಎಂದಾಯಿತು. ಸೋಮಾರಿಯು ಏನನ್ನೂ ಮಾಡಲಾರ. ದೀರ್ಘಸೂತ್ರಿಯಾದರೋ ಬಹಳ ಕೆಲಸ ಮಾಡುತ್ತಾನೆ. ಆದರೆ ಮಾಡಬೇಕಾದುದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮಾಡುತ್ತಾನೆ. ಪರೀಕ್ಷೆಯ ಹಿಂದಿನ ದಿನ ಪುಸ್ತಕದ ಕಪಾಟನ್ನು ಒಪ್ಪವಾಗಿ ಜೋಡಿಸುವ ಹುಡುಗನನ್ನು ಸೋಮಾರಿಯೆಂದು ಹೇಳುವವರು ಯಾರು?

ಇನ್ನು ವಿಷಾದದ ಮಾತು. ಫ್ಯೂಶಿಯಾ ಸಿರೊಯಿಸ್ ಮತ್ತು ಟಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮುಂದೂಡುವಿಕೆಯು ಮೂಲತಃ ಕಾಲದ ಲೆಕ್ಕ ತಪ್ಪಿದ್ದರಿಂದ ಆಗುವುದಲ್ಲ, ಮನಸ್ಸಿನ ಕಹಿಯಿಂದ ತತ್ಕಾಲಕ್ಕೆ ತಪ್ಪಿಸಿಕೊಳ್ಳುವ ಉಪಾಯ ಎಂದು ಪ್ರತಿಪಾದಿಸಿದ್ದಾರೆ. ಕೆಲಸವನ್ನು ನೆನೆದಾಗ ಬೇಸರವೋ, ಭಯವೋ, ತನ್ನಿಂದಾಗದೆಂಬ ಸಂಶಯವೋ ಹುಟ್ಟುತ್ತದೆ. ಅದನ್ನು ನಾಳೆಗೆ ತಳ್ಳಿದೊಡನೆ ಮನಸ್ಸಿಗೆ ಹಗುರವೆನಿಸುತ್ತದೆ. ಆ ಹಗುರವೇ ಚಟವಾಗಿ ಬೆಳೆಯುತ್ತದೆ. ಆದರೆ ಬಿಟ್ಟ ಕೆಲಸವು ರಾತ್ರಿ ಹಾಸಿಗೆಯಲ್ಲಿ ಮರಳಿ ಬಂದು ಕಾಡುತ್ತದೆ, ವಿಷಾದವು ಇಮ್ಮಡಿಸುತ್ತದೆ, ಮರುದಿನ ಅದೇ ಕೆಲಸವು ಇನ್ನಷ್ಟು ಭಾರವಾಗಿ ತೋರುತ್ತದೆ. ವಿಷಾದಿಯೂ ದೀರ್ಘಸೂತ್ರಿಯೂ ಒಂದೇ ಸಾಲಿನಲ್ಲಿ ಕುಳಿತಿರುವುದನ್ನು ನೋಡಿ ನಾವು ವಿಸ್ಮಯಪಡಬೇಕಾಗಿಲ್ಲ.

ಎಲ್ಲ ವಿಳಂಬವೂ ದೋಷವೆ?

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮರು ಯುಧಿಷ್ಠಿರನಿಗೆ ಹೇಳಿದ ಎರಡು ಆಖ್ಯಾನಗಳು ಈ ಪ್ರಶ್ನೆಗೆ ಉತ್ತರವಾಗಿವೆ.

ಮೊದಲನೆಯದು ಮೂರು ಮೀನುಗಳ ಕಥೆ. ಅನಾಗತವಿಧಾತಾ, ಪ್ರತ್ಯುತ್ಪನ್ನಮತಿ, ದೀರ್ಘಸೂತ್ರ ಎಂಬ ಮೂವರು ಮಿತ್ರರು ಒಂದು ಕೊಳದಲ್ಲಿದ್ದರು. ಬೆಸ್ತರು ಕಾಲುವೆ ತೋಡಿ ಕೊಳದ ನೀರನ್ನು ಹೊರಕ್ಕೆ ಬಿಡತೊಡಗಿದರು. ಮೊದಲನೆಯ ಮೀನು ಆಪತ್ತನ್ನು ಮುಂಗಂಡು ಹರಿಯುವ ನೀರಿನೊಡನೆಯೇ ಹೊರಟುಹೋಯಿತು. ಎರಡನೆಯದು ಬಲೆಗೆ ಬಿದ್ದರೂ, ಮೀನುಗಳನ್ನು ಪೋಣಿಸಿದ ಹಗ್ಗವನ್ನು ತಾನೇ ಬಾಯಲ್ಲಿ ಕಚ್ಚಿ ಹಿಡಿದು, ತೊಳೆಯಲು ನೀರಿಗೆ ಇಳಿಸಿದಾಗ ಬಿಟ್ಟು ಪಾರಾಯಿತು. ಮೂರನೆಯದು ಮಿತ್ರನ ಹಿತವಚನವನ್ನು ತಳ್ಳಿಹಾಕಲಿಲ್ಲ. ನೀನು ಹೇಳುವುದು ಸರಿಯೆಂದೇ ಒಪ್ಪಿತು. ಆದರೆ ತ್ವರೆ ಬೇಡವೆಂದು ಹೇಳಿ ಅಲ್ಲಿಯೇ ಉಳಿಯಿತು, ಸತ್ತಿತು. ಒಪ್ಪಿಕೊಂಡೂ ಮಾಡದಿರುವುದೇ ದೀರ್ಘಸೂತ್ರನ ಲಕ್ಷಣವೆಂಬುದು ಇಲ್ಲಿ ಸುಸ್ಪಷ್ಟ.

ಎರಡನೆಯದು ಚಿರಕಾರಿಯ ಕಥೆ. ಕುಪಿತನಾದ ಗೌತಮನು ತಾಯಿಯನ್ನು ವಧಿಸೆಂದು ಮಗನಿಗೆ ಆಜ್ಞಾಪಿಸಿ ಕಾಡಿಗೆ ಹೋದನು. ಪ್ರತಿಯೊಂದನ್ನೂ ಬಹುಕಾಲ ಯೋಚಿಸಿಯೇ ಮಾಡುತ್ತಿದ್ದ ಮಗನು, ಪಿತೃವಾಕ್ಯ ದೊಡ್ಡದೋ ಮಾತೃರಕ್ಷಣೆ ದೊಡ್ಡದೋ ಎಂದು ತೂಗುತ್ತ ನಿಂತನು. ಅಷ್ಟರಲ್ಲಿ ತಂದೆಗೆ ಪಶ್ಚಾತ್ತಾಪವಾಯಿತು. ಓಡಿಬಂದು ನೋಡಿದಾಗ ಪತ್ನಿಯು ಜೀವಿಸಿರುವುದನ್ನು ಕಂಡು, ಮಗನ ವಿಳಂಬವನ್ನೇ ಕೊಂಡಾಡಿ ಹರಸಿದನು.

ಹೀಗಿರುವಲ್ಲಿ, ಒಬ್ಬನ ವಿಳಂಬವು ಮರಣಕ್ಕೂ ಇನ್ನೊಬ್ಬನ ವಿಳಂಬವು ರಕ್ಷಣೆಗೂ ಕಾರಣವಾದುದು ಹೇಗೆ? ಚಿರಕಾರಿಯು ತಡಮಾಡಿದುದು, ಒಮ್ಮೆ ಮಾಡಿದರೆ ಮರಳಿ ಸರಿಪಡಿಸಲಾಗದ ಕಾರ್ಯವನ್ನು; ತಡಮಾಡಿದ ಅಷ್ಟು ಕಾಲವೂ ಅವನು ಅದನ್ನೇ ವಿಚಾರಿಸುತ್ತಿದ್ದನು. ದೀರ್ಘಸೂತ್ರನು ತಡಮಾಡಿದುದು, ಕಾಲ ಮೀರಿದರೆ ಮತ್ತೆ ಮಾಡಲಾಗದ ಕಾರ್ಯವನ್ನು. ಆ ಕಾಲದಲ್ಲಿ ಅದು ಏನನ್ನೂ ವಿಚಾರಿಸಲಿಲ್ಲ. ಆದುದರಿಂದ ಯಾವ ಕೆಲಸವನ್ನು ಮುಂದೂಡಬೇಕೆನಿಸಿದರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಈ ಅವಧಿಯಲ್ಲಿ ನಾನು ಇದನ್ನು ನಿಜವಾಗಿಯೂ ಯೋಚಿಸುವೆನೆ? ತಡಮಾಡುವುದರಿಂದ ಕಾರ್ಯವು ಸುಧಾರಿಸುವುದೆ, ಕೆಡುವುದೆ? ಕೋಪದಲ್ಲಿ ಬರೆದ ಪತ್ರವನ್ನು ಒಂದು ರಾತ್ರಿ ತಡೆದಿಡುವುದು ಚಿರಕಾರಿತ್ವ, ವಿವೇಕಿಗಳ ಲಕ್ಷಣ. ಎದೆನೋವಿಗೆ ವೈದ್ಯರನ್ನು ಕಾಣುವುದನ್ನು ಒಂದು ರಾತ್ರಿ ತಡೆಯುವುದು ದೀರ್ಘಸೂತ್ರತೆ.

ಒಂದು ಆಕ್ಷೇಪ

"ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವನು ಅಸ್ವತಂತ್ರನು. ಆಗಬೇಕಾದಾಗ ಆಗುತ್ತದೆ, ನಮ್ಮದೇನಿದೆ?" ಎಂದು ಕೆಲವರು ಹೇಳುವುದುಂಟು. ಇದು ಸಿದ್ಧಾಂತದ ಮಾತನ್ನು ಸೋಗಿಗಾಗಿ ಬಳಸಿದಂತೆ. ಜೀವನ ಕರ್ತೃತ್ವವು ಭಗವದಧೀನವೇ ಹೊರತು ಇಲ್ಲದ್ದಲ್ಲ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ 'ಇದನ್ನು ಮಾಡು, ಅದನ್ನು ಬಿಡು' ಎಂಬ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರಲಾರದು. ಮತ್ತೂ ವಿಚಾರಿಸಿದರೆ, ಅಸ್ವತಂತ್ರನೆಂಬ ಅರಿವು ಇರುವವನು ಕೆಲಸವನ್ನು ಮುಂದೂಡಲೇಬಾರದು. ನಾಳೆಯು ಅವನ ಕೈಯಲ್ಲಿಲ್ಲವಷ್ಟೆ! "ನಾಳೆ ಬಾ" ಎಂದು ಧರ್ಮರಾಜನು ಯಾಚಕನಿಗೆ ಹೇಳಿದಾಗ, ಅಣ್ಣನು ಒಂದು ದಿನದ ಮಟ್ಟಿಗೆ ಕಾಲವನ್ನೇ ಗೆದ್ದನೆಂದು ಭೀಮಸೇನನು ಭೇರಿ ಬಾರಿಸಿದ ಕಥೆಯನ್ನು ಹಿರಿಯರ ಬಾಯಲ್ಲಿ ಎಲ್ಲರೂ ಕೇಳಿರುವೆವು. 'ನಾಳೆ' ಎಂಬುವವನು ತನ್ನದಲ್ಲದ ಸೊತ್ತನ್ನು ವಾಗ್ದಾನ ಮಾಡುತ್ತಾನೆ.

ಪರಿಹಾರಗಳು

1. ಸಂಕಲ್ಪ. ಯಾವ ಕರ್ಮವನ್ನು ಆರಂಭಿಸುವಾಗಲೂ ನಾವು ಮೊದಲು ಸಂಕಲ್ಪ ಮಾಡುತ್ತೇವೆ. ಅದರಲ್ಲಿ ಏನಿರುತ್ತದೆ? ದೇಶವನ್ನು ಹೇಳುತ್ತೇವೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳೆಂದು ಕಾಲವನ್ನು ಹೇಳುತ್ತೇವೆ, ಹರಿಪ್ರೇರಣೆಯಿಂದ, ಹರಿಪ್ರೀತಿಗಾಗಿ, ಇಂಥ ಕರ್ಮವನ್ನು ಮಾಡುವೆನೆಂದು ಹೇಳಿ ನೀರು ಬಿಡುತ್ತೇವೆ. ಎಂದಾದರೂ ಎಲ್ಲಾದರೂ ಪೂಜೆ ಮಾಡುವೆನೆಂಬ ಸಂಕಲ್ಪವು ಎಲ್ಲಿಯೂ ಇಲ್ಲ.

ಇದರ ಬೆಲೆಯನ್ನು ಇಂದಿನ ಮನಶ್ಶಾಸ್ತ್ರವೂ ಬೇರೊಂದು ದಾರಿಯಿಂದ ಕಂಡಿದೆ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಎಂಬವರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರಿಸ್‌ಮಸ್ ಮುನ್ನಾದಿನವನ್ನು ತಾವು ಹೇಗೆ ಕಳೆದೆವೆಂದು ಎರಡು ದಿನಗಳೊಳಗೆ ಬರೆದು ಕಳುಹಿಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಲಾಯಿತು. ಅವರಲ್ಲಿ ಅರ್ಧ ಜನರಿಗೆ ಮಾತ್ರ, ಎಲ್ಲಿ ಕುಳಿತು ಯಾವಾಗ ಬರೆಯುವಿರೆಂಬುದನ್ನು ಮೊದಲೇ ನಿರ್ಧರಿಸಿ ಗುರುತುಹಾಕಲು ಹೇಳಿದರು. ಹಾಗೆ ದೇಶಕಾಲಗಳನ್ನು ನಿಶ್ಚಯಿಸಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಗೊತ್ತಾದ ಅವಧಿಯಲ್ಲಿ ಬರೆದರು. ಉಳಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಮನಸ್ಸಿದ್ದುದು ಎರಡು ಗುಂಪಿನವರಿಗೂ. ದೇಶಕಾಲಗಳು ಗೊತ್ತಾಗಿದ್ದುದು ಒಂದು ಗುಂಪಿಗೆ ಮಾತ್ರ.

ನಿತ್ಯಜೀವನದ ಒಂದು ಉದಾಹರಣೆಯನ್ನು ಹೇಳುವೆವು. ಕೇಂದ್ರ ಸರ್ಕಾರದ ನಿವೃತ್ತಿವೇತನ ಪಡೆಯುವವರು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರವನ್ನು ಒಪ್ಪಿಸಬೇಕು. 80 ವರ್ಷ ಮೀರಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. 2014ರಿಂದ ಬೆರಳಚ್ಚಿನ ಮೂಲಕ ಗಣಕಯಂತ್ರದಲ್ಲಿಯೇ ಒಪ್ಪಿಸುವ ಅನುಕೂಲವೂ ಬಂದಿದೆ. ಪತ್ರವು ಸಕಾಲದಲ್ಲಿ ಸಲ್ಲದಿದ್ದರೆ ವೇತನವು ನಿಲ್ಲುತ್ತದೆ. ಮನೆಯ ಮಗನು "ಅಪ್ಪನನ್ನು ಒಂದು ದಿನ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು" ಎಂದುಕೊಂಡರೆ ಅದು ಆಸೆ. "ನವೆಂಬರಿನ ಮೊದಲ ಸೋಮವಾರ, ಬೆಳಿಗ್ಗೆ 11 ಗಂಟೆಗೆ, ಆಧಾರ್ ಚೀಟಿಯೊಡನೆ, ನಮ್ಮ ಬೀದಿಯ ಬ್ಯಾಂಕಿಗೆ ತಂದೆಯವರನ್ನು ಕರೆದೊಯ್ಯುವೆನು" ಎಂದರೆ ಅದು ಸಂಕಲ್ಪ.

2. ವಿಭಾಗ. ದೊಡ್ಡ ಕೆಲಸವು ಹೆದರಿಸುತ್ತದೆ; ಹೆದರಿದವನು ಮುಂದೂಡುತ್ತಾನೆ. ಇದಕ್ಕೆ ಉಡುಪಿಯ ಪರ್ಯಾಯೋತ್ಸವದ ಸಿದ್ಧತೆಯೇ ಉತ್ತಮ ಪಾಠ. ಶ್ರೀವಾದಿರಾಜರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಗಳ ಅವಧಿಗೆ ವಿಸ್ತರಿಸಿದ ಮೇಲೆ, ಎರಡು ವರ್ಷಗಳ ಕಾಲ ಶ್ರೀಕೃಷ್ಣನ ಪೂಜೆಯನ್ನೂ ನಿತ್ಯದ ಅನ್ನಸಂತರ್ಪಣೆಯನ್ನೂ ನಡೆಸುವ ಭಾರವು ಒಂದೊಂದು ಮಠದ ಮೇಲೆ ಬಂದಿತು. ಇಷ್ಟು ದೊಡ್ಡ ಕಾರ್ಯವನ್ನು ಸಮಇಸವಿಯ ಜನವರಿ 18ರ ಮುಂಜಾನೆ ಹಠಾತ್ತನೆ ಆರಂಭಿಸಲಾದೀತೆ? ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತವಾಗುತ್ತದೆ. ಬಳಿಕ ಅಕ್ಕಿ ಮುಹೂರ್ತ. ಬಳಿಕ ಕಟ್ಟಿಗೆ ಮುಹೂರ್ತ. ಕೊನೆಗೆ ಭತ್ತ ಮುಹೂರ್ತ. ಇವು ಕೇವಲ ಆಚಾರಗಳಲ್ಲ. ಇಂದು ನೆಟ್ಟ ಬಾಳೆಯು ಗೊನೆ ಬಿಡಲು ವರ್ಷವೇ ಹಿಡಿಯುತ್ತದೆ; ಹಸಿ ಕಟ್ಟಿಗೆಯು ಒಣಗಲು ತಿಂಗಳುಗಳು ಬೇಕು. ಯಾವುದಕ್ಕೆ ಹೆಚ್ಚು ಕಾಲ ಬೇಕೋ ಅದನ್ನು ಮೊದಲು ಆರಂಭಿಸತಕ್ಕದ್ದು. ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ಮುಹೂರ್ತವನ್ನು ಗೊತ್ತುಮಾಡತಕ್ಕದ್ದು. ಅದನ್ನು ನಾಲ್ಕು ಜನರ ಎದುರಿನಲ್ಲಿ ಮಾಡತಕ್ಕದ್ದು. ಈ ಮೂರು ನೀತಿಗಳೂ ಅಲ್ಲಿ ಅಡಗಿವೆ.

ಡಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೂರು ಬರಹಗಳ ತಪ್ಪುಗಳನ್ನು ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ವಾರಕ್ಕೊಂದರಂತೆ ಗಡುವು ವಿಧಿಸಲ್ಪಟ್ಟವರು ಎಲ್ಲರಿಗಿಂತ ಹೆಚ್ಚು ತಪ್ಪುಗಳನ್ನು ಹಿಡಿದರು. ತಮ್ಮ ಗಡುವನ್ನು ತಾವೇ ಗೊತ್ತುಮಾಡಿಕೊಂಡವರು ಮಧ್ಯಮರಾದರು. ಮೂರನ್ನೂ ಕೊನೆಯ ದಿನ ಒಪ್ಪಿಸಿದರೆ ಸಾಕೆಂಬ ಸ್ವಾತಂತ್ರ್ಯವಿದ್ದವರು ಕನಿಷ್ಠರಾದರು. ಬಿಡುವು ಹೆಚ್ಚಿದಷ್ಟು ಕೆಲಸವು ಚೆನ್ನಾಗುವುದೆಂಬ ನಂಬಿಕೆಯು ಇದರಿಂದ ಸಡಿಲವಾಗುತ್ತದೆ.

ನಮ್ಮ ಮನೆಗಳಲ್ಲಿ ದ್ವಾದಶಿಯ ಪಾರಣೆಯನ್ನು ಯಾರೂ ಮುಂದೂಡುವುದಿಲ್ಲ. ದ್ವಾದಶಿಯು ಸ್ವಲ್ಪವೇ ಇದ್ದ ದಿನ ನಸುಕಿನಲ್ಲಿಯೇ ಎದ್ದು, ಸ್ನಾನ ಪೂಜೆಗಳನ್ನು ಪೂರೈಸಿ, ತಿಥಿ ಮೀರುವುದರೊಳಗೆ ಪಾರಣೆ ಮಾಡುತ್ತೇವೆ. ತಿಥಿಯು ನಮಗಾಗಿ ಕಾಯದೆಂಬ ಅರಿವೇ ಅದಕ್ಕೆ ಕಾರಣ. ಅದೇ ಮನೆಯಲ್ಲಿ ವಿದ್ಯುತ್ ಬಿಲ್ಲು ಕೊನೆಯ ದಿನ ಕಳೆದು ದಂಡದೊಡನೆ ಸಲ್ಲುವುದಾದರೆ, ಕೊರತೆಯಿರುವುದು ಶಕ್ತಿಯಲ್ಲಲ್ಲ. ಲೌಕಿಕ ಕಾರ್ಯಕ್ಕೂ ಒಂದು ತಿಥಿಯುಂಟೆಂಬ ಭಾವನೆಯಲ್ಲಿ.

3. ಮಡಿ. ಚಿತ್ತವಿಕ್ಷೇಪವು ದೀರ್ಘಸೂತ್ರತೆಯ ಒಡಹುಟ್ಟು. ಹಿಂದೆ ವಿಕ್ಷೇಪಕ್ಕೆ ಬಾಗಿಲಿಗೆ ಬಂದ ಅತಿಥಿ, ಜಗಲಿಯ ಹರಟೆ ಇವೇ ಕಾರಣಗಳಾಗಿದ್ದವು. ಇಂದು ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಜಗಲಿ ಇದೆ. ಮೊಬೈಲು ಗಳಿಗೆಗೊಮ್ಮೆ ಗುಣುಗುಟ್ಟುತ್ತದೆ. ಒಂದು ಸಂದೇಶ ನೋಡಲು ಎತ್ತಿಕೊಂಡವನು ಅರ್ಧ ಗಂಟೆಯ ಮೇಲೆ ಕೆಳಗಿಡುತ್ತಾನೆ.

ನಮ್ಮ ತಂದೆಯವರು ಅರ್ಚಕವೃತ್ತಿಯವರು. ಅವರು ಪೂಜೆಗೆ ಕುಳಿತುಕೊಳ್ಳುವ ಮುನ್ನ ತೇದ ಗಂಧ, ಬಿಡಿಸಿದ ತುಳಸಿ, ತುಂಬಿದ ಕಲಶ, ಶಂಖ, ಘಂಟೆ, ಬತ್ತಿ ಹಾಕಿದ ಆರತಿ, ನೈವೇದ್ಯದ ಪಾತ್ರೆ ಎಲ್ಲವೂ ಕೈಗೆಟುಕುವಲ್ಲಿ ಇರತಕ್ಕದ್ದು. ಕುಳಿತ ಮೇಲೆ ಅದು ತಾ, ಇದು ತಾ ಎಂಬ ಮಾತಿಲ್ಲ. ಅವರು ಮಡಿಯಲ್ಲಿರುವಷ್ಟು ಹೊತ್ತು ಮನೆಯ ಚಿಕ್ಕ ಮಗುವೂ ಹತ್ತಿರ ಸುಳಿಯುವುದಿಲ್ಲ. ಹೊರಗಿನಿಂದ ಯಾರು ಕರೆದರೂ "ಪೂಜೆಯಲ್ಲಿದ್ದಾರೆ" ಎಂಬ ಒಂದೇ ಉತ್ತರ. ಕರೆದವರು ಕೋಪಿಸಿಕೊಂಡುದನ್ನು ನಾವು ಕಂಡಿಲ್ಲ. ಲೌಕಿಕ ಕೆಲಸಕ್ಕೂ ಇಂಥದೊಂದು ಮಡಿ ಬೇಕು. ಬೇಕಾದ ಕಾಗದಪತ್ರಗಳನ್ನು ಮೊದಲೇ ಜೋಡಿಸಿಕೊಂಡು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಇಷ್ಟು ಗಂಟೆಯವರೆಗೆ ಮಾತನಾಡಿಸಬೇಡಿರೆಂದು ಮನೆಯವರಿಗೋ ಪಕ್ಕದ ಮೇಜಿನವರಿಗೋ ಹೇಳಿ ಕುಳಿತರೆ, ಮೂರು ಗಂಟೆಯ ಕೆಲಸವು ಒಂದು ಗಂಟೆಯಲ್ಲಿ ಮುಗಿಯುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಹಿಂದಿನ ದಿನದ ನಿರ್ಮಾಲ್ಯವನ್ನು ವಿಸರ್ಜಿಸದೆ ಹೊಸ ಹೂವನ್ನು ಏರಿಸುವ ಕ್ರಮವಿಲ್ಲ. ಮನಸ್ಸಿಗೂ ಇದು ಅನ್ವಯಿಸುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿಯು 2009ರಲ್ಲಿ ತೋರಿಸಿದಂತೆ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವನ ಗಮನದ ಒಂದು ಅಂಶವು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಹೊಸ ಕೆಲಸವು ಅಷ್ಟರಮಟ್ಟಿಗೆ ಕೆಡುತ್ತದೆ. ಆದರೆ ಮೇಲಧಿಕಾರಿ ಕರೆದಾಗ ಏಳದಿರಲಾದೀತೆ? ಇದಕ್ಕೂ ಆಕೆಯೇ ತೆರೀಸಾ ಗ್ಲೋಂಬ್ ಎಂಬವರೊಡನೆ 2018ರಲ್ಲಿ ಒಂದು ಉಪಾಯವನ್ನು ತಿಳಿಸಿದ್ದಾರೆ. ಏಳುವ ಮುನ್ನ, ಎಲ್ಲಿಯವರೆಗೆ ಆಯಿತು, ಮರಳಿ ಬಂದು ಮೊದಲು ಏನು ಮಾಡಬೇಕು ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆದಿಟ್ಟು ಹೋಗತಕ್ಕದ್ದು. ಹಾಗೆ ಮಾಡಿದವರ ಮನಸ್ಸು ಮುಂದಿನ ಕೆಲಸದಲ್ಲಿ ಹೆಚ್ಚು ನಿಂತಿತು. ಪಾಠಶಾಲೆಯಲ್ಲಿ ಗ್ರಂಥವನ್ನು ಮುಚ್ಚುವ ಮುನ್ನ, ನಾಳೆಯ ಪಾಠವು ಆರಂಭವಾಗುವ ಪಂಕ್ತಿಗೆ ಗುರುತಿಡುವುದೂ ಇದೇ ಅಲ್ಲವೆ?

4. ಕ್ಷಮೆ ಮತ್ತು ಪುನರಾರಂಭ. ಇಷ್ಟೆಲ್ಲ ಮಾಡಿದರೂ ಒಂದೆರಡು ದಿನ ನಿಯಮವು ತಪ್ಪುವುದು ಸಹಜ. ಆಗ "ನನ್ನ ಹಣೆಬರಹವೇ ಇಷ್ಟು" ಎಂದು ಹಳಹಳಿಸುತ್ತ ಕುಳಿತರೆ ವಿಷಾದವು ಮತ್ತೆ ದೀರ್ಘಸೂತ್ರತೆಯನ್ನೇ ಹೆರುತ್ತದೆ. 2010ರಲ್ಲಿ ಪ್ರಕಟವಾದ ಕೆನಡಾ ದೇಶದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದುದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರೆಂದು ಕಂಡುಬಂದಿತು. ನಮ್ಮಲ್ಲಿ ಕರ್ಮದ ಕೊನೆಗೆ, ನಡುವೆ ಉಂಟಾದ ಮಂತ್ರಲೋಪ ತಂತ್ರಲೋಪಗಳ ಪರಿಹಾರಕ್ಕಾಗಿ ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯವನ್ನು ಜಪಿಸಿ ಕರ್ಮವನ್ನು ಸಮರ್ಪಿಸುತ್ತೇವೆ. ಲೋಪವಾಯಿತೆಂದು ಮರುದಿನದ ಪೂಜೆಯನ್ನು ಬಿಡುವುದಿಲ್ಲ. ಲೋಪವನ್ನು ಒಪ್ಪಿಕೊಳ್ಳುವುದು, ಪರಿಹಾರ ಮಾಡಿಕೊಳ್ಳುವುದು, ಮರುದಿನ ಅದೇ ಹೊತ್ತಿಗೆ ಮತ್ತೆ ಕುಳಿತುಕೊಳ್ಳುವುದು: ಇದೇ ಕ್ರಮವನ್ನು ಕಚೇರಿಯ ಕಡತಕ್ಕೂ, ಮಕ್ಕಳ ಓದಿಗೂ ಅನ್ವಯಿಸಿಕೊಳ್ಳಬೇಕು. ಓದದ ಮಗುವನ್ನು ದಿನವೂ ಹಂಗಿಸುವ ತಾಯಿತಂದೆಗಳು ಇದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಲಿ. ಹಂಗಿಸಿದಷ್ಟೂ ಪುಸ್ತಕವು ಆ ಮಗುವಿಗೆ ಕಹಿಯಾಗುತ್ತದೆ. ಕಹಿಯಾದಷ್ಟೂ ಅದು ಪುಸ್ತಕದಿಂದ ದೂರ ಓಡುತ್ತದೆ.

ಉಪಸಂಹಾರ

ಮೇಲಿನದನ್ನು ಸಂಗ್ರಹಿಸಿ ಹೇಳುವುದಾದರೆ: ಮುಂದೂಡಬೇಕೆನಿಸಿದಾಗ ಚಿರಕಾರಿಯ ವಿಳಂಬವೋ ದೀರ್ಘಸೂತ್ರನ ವಿಳಂಬವೋ ಎಂದು ಪರೀಕ್ಷಿಸಿಕೊಳ್ಳುವುದು, ಮಾಡತಕ್ಕುದನ್ನು ದೇಶಕಾಲಸಹಿತವಾಗಿ ಸಂಕಲ್ಪಿಸುವುದು, ದೊಡ್ಡದನ್ನು ಮುಹೂರ್ತಗಳಾಗಿ ವಿಭಾಗಿಸುವುದು, ಕೆಲಸದ ಹೊತ್ತಿಗೆ ಮಡಿಯ ಎಲ್ಲೆಯನ್ನು ಹಾಕಿಕೊಳ್ಳುವುದು, ತಪ್ಪಿದಾಗ ಹಳಹಳಿಸದೆ ಮತ್ತೆ ಆರಂಭಿಸುವುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ, ವಿಶೇಷ ವಿದ್ಯೆಯೂ ಬೇಕಾಗಿಲ್ಲ. ನಾವು ದೇವರಮನೆಯಲ್ಲಿ ತಲೆತಲಾಂತರದಿಂದ ಮಾಡಿಕೊಂಡು ಬಂದಿರುವುದನ್ನೇ ಹೊಸ್ತಿಲು ದಾಟಿಸಿ ಹೊರಗೆ ತರಬೇಕಾಗಿದೆ.

ಮುಂದೂಡಿದ ಕೆಲಸಗಳಲ್ಲಿ ಕಾಗದಪತ್ರಗಳು ಮಾತ್ರವೇ ಇರುವುದಿಲ್ಲ ಎಂಬುದನ್ನು ಕೊನೆಯದಾಗಿ ಸ್ಮರಿಸಿಕೊಳ್ಳಬೇಕು. ಊರಿನಲ್ಲಿ ಒಂಟಿಯಾಗಿರುವ ಸೋದರತ್ತೆಯನ್ನು ನೋಡಿಕೊಂಡು ಬರುವುದು, ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವುದು, ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಹಾಡನ್ನು ಬರೆದುಕೊಳ್ಳುವುದು, ಪಾಠ ಹೇಳಿದ ವೃದ್ಧ ಗುರುಗಳಿಗೆ ಒಮ್ಮೆ ನಮಸ್ಕರಿಸಿ ಬರುವುದು ಇವೂ ಸೇರಿವೆ. ಬಿಲ್ಲಿಗೆ ದಂಡ ಕೊಟ್ಟು ಪಾರಾಗಬಹುದು. ಇವುಗಳಿಗೆ ದಂಡ ಕಟ್ಟಿಸಿಕೊಳ್ಳುವ ಕಚೇರಿಯೇ ಇಲ್ಲ. ವಾಚಕರು ಈ ಪುಟವನ್ನು ಮಡಿಸುವ ಮುನ್ನ, ಹೀಗೆ ಬಹುದಿನದಿಂದ ಉಳಿದಿರುವ ಒಂದು ಕಾರ್ಯವನ್ನು ಆರಿಸಿ, ದಿನ ಹೊತ್ತು ಸ್ಥಳಗಳನ್ನು ಪಂಚಾಂಗದ ಅಂಚಿನಲ್ಲಿ ಗುರುತುಹಾಕುವರೆಂದು ಆಶಿಸುವೆವು. ಸಕಾಲದಲ್ಲಿ ಮಾಡಿ ಭಗವಂತನಿಗೆ ಸಮರ್ಪಿಸಿದ ಸಣ್ಣ ಕೆಲಸವೂ ಅವನ ಪೂಜೆಯೇ ಆಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು